ಅರ್ಧ ಸುತ್ತು

ಮೂರು ಕೊಟೇಶನ್ ತನ್ನಿ ಎಂದಿತ್ತು ಕಾಲೇಜಿನ ಅಕೌಂಟ್ಸು.
ಹಾಸನದಲ್ಲಿ ಇಷ್ಟು ನಯದ ತಿರುಪು ಕಡೆಯುವವನು ನಾನೊಬ್ಬನೇ;
ಮೂರನ್ನೂ ನಾನೇ ಬರೆದೆ, ಮೂರು ಪೆನ್ನಿನಲ್ಲಿ.

ಕೈಗಾರಿಕಾ ಪ್ರದೇಶದ ಕೊನೇ ಶೆಡ್ಡು, ಧರಣಪ್ಪ ಲೇತ್ ವರ್ಕ್ಸ್.
ಬಂದವಳು ಪೆನ್ಷನ್ ಮೊಹಲ್ಲಾದ ತಬಸ್ಸುಮ್,
ಸಂಶೋಧನೆಯ ನಾಲ್ಕನೇ ವರ್ಷ, ಕಣ್ಣಿನ ಕೆಳಗೆ ಇದ್ದಿಲು.
ಅಂಕಲ್, ಒಂದು ಕನ್ನಡಿ ಸರಿಸಬೇಕು.
ಎಷ್ಟು?
ಕೂದಲನ್ನು ಎಪ್ಪತ್ತು ಸೀಳು ಮಾಡಿ, ಒಂದು ಸೀಳಿನಷ್ಟು.
ಸರಿಸಿದರೆ?
ಕಾಲ ಸರಿಯುತ್ತೆ.

ಹುಚ್ಚು ಹುಡುಗಿ ಅಂದುಕೊಂಡೆ. ಹಿತ್ತಾಳೆ ಕತ್ತರಿಸಿದೆ.

ಈ ರಾತ್ರಿ ಅದನ್ನು ಕೂರಿಸಲು ಬಂದಿದ್ದೇನೆ.
ಹತ್ತೂವರೆಯ ಗೂಡ್ಸ್ ಗಾಡಿ ಸಕಲೇಶಪುರದ ಕಡೆಗೆ
ಹೋಗಿ ಮುಗಿಯುವ ತನಕ ಯಾರೂ ಏನೂ ಮುಟ್ಟುವಂತಿಲ್ಲ;
ಊರಿಗೆ ಕೇಳಿಸದ ನಡುಕ ಈ ಮೇಜಿಗೆ ಕೇಳಿಸುತ್ತದೆ.
ಕಾಯುವಾಗ ಅವಳು ಡಬ್ಬಿ ತೆರೆದಳು. ಚಪಾತಿ, ಆಲೂಗಡ್ಡೆ ಪಲ್ಯ.
ನಮ್ಮೂರ ಗಡ್ಡೆ ಬೇಯಲು ಇಪ್ಪತ್ತು ನಿಮಿಷ ಬೇಕು, ಅಂದಳು,
ಬಿಸಿ ಹೊರಗಿನಿಂದ ಒಳಕ್ಕೆ ಮನೆಮನೆಯ ಬಾಗಿಲು ತಟ್ಟುತ್ತಾ ಹೋಗಬೇಕು.
ಇದೂ ಹಾಗೆ ಬದಲಾಗುತ್ತೆ, ಅರವತ್ತೆಂಟು ಡಿಗ್ರಿ ಕೊಟ್ಟರೆ.
ಬೆಳಕಿಗೆ ಮಾತ್ರ ಬಾಗಿಲು ತಟ್ಟುವ ಅಭ್ಯಾಸವಿಲ್ಲ.

ಇದು ಅಂದರೆ ಗಾಜಿನ ಮೇಲೊಂದು ಲೇಪ,
ಹುರಿದ ಮೆಂತ್ಯದ ಬಣ್ಣ, ಉಗುರಿನಷ್ಟು ಅಗಲ.
ಒಳಗೆ ವನೇಡಿಯಂ ಪರಮಾಣುಗಳು ಎರಡೆರಡಾಗಿ
ಕೈ ಹಿಡಿದು ನಿಂತಿವೆಯಂತೆ;
ಆ ಜೋಡಿಗಳ ನಡುವೆ ಕರೆಂಟಿಗೆ ದಾರಿಯಿಲ್ಲ.
ಬೆಳಕಿನ ಒಂದು ಚೂರು ಬಿದ್ದರೆ
ಕೈ ಬಿಡುತ್ತವೆ, ಸಾಲಿಗೆ ಸರಿಯುತ್ತವೆ,
ಲೇಪ ಲೋಹವಾಗುತ್ತದೆ
ಬಿಸಿಯಾಗಲಿಕ್ಕೂ ಪುರುಸೊತ್ತಿಲ್ಲದೆ.

ಎಷ್ಟು ಹೊತ್ತು? ಅಂದೆ.
ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ,
ಒಂದು ಚೂರನ್ನು ಮತ್ತೆ ಹತ್ತು ಲಕ್ಷ ಮಾಡಿ,
ಅದರಲ್ಲಿ ನೂರೋ ಇನ್ನೂರೋ.
ಯಾರು ನೋಡಿದ್ದಾರೆ?
ಅದಕ್ಕೇ ನಿಮ್ಮ ತಿರುಪು.
ಮೊದಲ ಬೆಳಕು ಹೊಡೆಯುತ್ತೆ. ಎರಡನೆಯದು
ಕನ್ನಡಿ ಸುತ್ತಿ, ತಡವಾಗಿ ಬಂದು, ನೋಡುತ್ತೆ.
ಎಷ್ಟು ತಡ ಅನ್ನುವುದು ನಿಮ್ಮ ಕೈಯಲ್ಲಿದೆ.

ಕೈ ಅಂದಾಗ ಅವಳ ಕಣ್ಣು ನನ್ನ ತೋರುಬೆರಳಿಗೆ ಹೋಯಿತು,
ಅರ್ಧಕ್ಕೆ ನಿಂತ ಬೆರಳಿಗೆ.
ಎಲ್ಲರೂ ಕೇಳುವುದು, ನೋವಾಯಿತಾ ಎಂದು.
ಅವಳು ಕೇಳಿದಳು: ಎಷ್ಟು ಹೊತ್ತಾಯಿತು?

ಗೊತ್ತಿಲ್ಲಮ್ಮ.
ಇತ್ತು. ಅಂಗಿಯ ತೋಳು ಚಕ್ಕಿನ ಕಡೆ ವಾಲಿದ್ದು ಕಂಡೆ.
ಆಮೇಲೆ ಇರಲಿಲ್ಲ.
ರೇಡಿಯೋದಲ್ಲಿ ಹವಾಮಾನದ ಅದೇ ವಾಕ್ಯ ಇನ್ನೂ ಮುಗಿದಿರಲಿಲ್ಲ.
ಇತ್ತು, ಇರಲಿಲ್ಲ, ಇವೆರಡರ ನಡುವೆ ಏನೋ ಒಂದು ಆಗಿರಬೇಕು,
ನಾನು ಅಲ್ಲಿರಲಿಲ್ಲ.
ಇಪ್ಪತ್ತೆರಡು ವರ್ಷ ಆ ನಡುವನ್ನು ಹುಡುಕಿದ್ದೇನೆ,
ನಿದ್ದೆಯಲ್ಲಿ, ಅರ್ಧರ್ಧ ಸುತ್ತು ಹಿಂದಕ್ಕೆ ತಿರುಗಿಸುತ್ತಾ.

ಗಾಡಿ ಹೋಯಿತು. ಮೇಜು ತಣ್ಣಗಾಯಿತು.
ಕೂರಿಸಿದೆ. ಅರ್ಧ ಸುತ್ತು.
ತೆರೆಯ ಮೇಲೆ ಗೆರೆ ಸಪಾಟು.
ಇನ್ನೊಂದು ಕಾಲು. ಸಪಾಟು.
ಮತ್ತೆ ಕೂದಲಿನ ಒಂದು ಸೀಳು, ಇನ್ನೊಂದು ಸೀಳು,
ಗೆರೆ ಜಾರಿತು,
ಹಳ್ಳಕ್ಕಿಳಿಯುವ ಕರುವಿನ ಹಾಗೆ ಮುಂಗಾಲು ಮೊದಲಿಟ್ಟು.
ಆ ಇಳಿಜಾರೇ ನಡುವೆ, ಅಂದಳು ತಬಸ್ಸುಮ್
ಪಿಸುದನಿಯಲ್ಲಿ, ಎಲ್ಲಿ ಎದ್ದುಬಿಡುತ್ತದೋ ಎಂಬಂತೆ.

ಸೆಕೆಂಡಿಗೆ ಸಾವಿರ ಸಲ ಹೀಗೆ ಹೋಗಿ
ಸಾವಿರ ಸಲವೂ ವಾಪಸು ಬರುತ್ತದಂತೆ ಅದು,
ಜೋಡಿಗಳು ಮತ್ತೆ ಕೈ ಹಿಡಿದು, ಏನೂ ಆಗಲೇ ಇಲ್ಲವೆಂಬಂತೆ.
ಜಾಸ್ತಿ ಹೊಡೆದರೆ? ಅಂದೆ.
ಸುಟ್ಟ ಕಲೆ ಅಂಕಲ್. ಅಲ್ಲಿಂದ ವಾಪಸಿಲ್ಲ.
ತೋರಿಸಿದಳು, ಲೇಪದ ಅಂಚಿನಲ್ಲಿ
ಸಾಸಿವೆಯ ಕಾಲು ಭಾಗ, ಹೋದ ಮಾರ್ಚಿನದು.
ಬಹಳ ಹೊತ್ತು ಅದನ್ನೇ ನೋಡಿದೆ.

ತಿರುಪು ಒಂದು, ಹಿತ್ತಾಳೆ ಕೂಲಿ ಸೇರಿ ಸಾವಿರದ ನಾನೂರು.
ಬಿಲ್ಲು ಕೊಟ್ಟು ಸ್ಕೂಟರ್ ಹತ್ತಿದಾಗ ಒಂದೂವರೆ.
ಎನ್.ಆರ್. ಸರ್ಕಲ್ಲಿನಲ್ಲಿ ಯಾರಿಗೂ ಅಲ್ಲದ ಕೆಂಪು ದೀಪ.
ನಿಂತೆ. ಈ ಸಲ ನೋಡಿಯೇ ಬಿಡೋಣವೆಂದು
ಕಣ್ಣು ನೆಟ್ಟು ನಿಂತೆ.
ಹಸಿರಾಗಿತ್ತು.
ರೆಪ್ಪೆ ಬಡಿದಿದ್ದೆ.